ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ಕಂಡರೆ ಕೊಳ್ಳಬೇಡಿ

"ದುಬೈ ಮಾಲು" ಅಂತ ಹೇಳಿ ಕ್ಯೂಬಾದ ಸಿಗಾರ್ ಮಾರುವವರು ನಮ್ಮ ಕಾಸರಗೋಡು, ಕಾಞಂಗಾಡು ಕಡೆ ಸುತ್ತಾಡುತ್ತಿದ್ದಾರೆ. ಅಂಗಡಿ ಇಲ್ಲ, ಬಿಲ್ಲು ಇಲ್ಲ. ಯಾರದೋ ಪರಿಚಯ ಹೇಳಿಕೊಂಡು ಫೋನ್ ಮಾಡುತ್ತಾರೆ. ನನಗೆ ಮಾರಿದವನ ಹೆಸರು ಇಲ್ಲಿ ಬೇಡ. ಮಾಲು ಹೇಗಿತ್ತು ಅಂತ ಮಾತ್ರ ಹೇಳುತ್ತೇನೆ, ಸಿಗಾರ್ ಇಷ್ಟ ಇರುವವರಿಗೆ ಗುರುತು ಸಿಗಲಿ. ಹೊಗೆ ಆರೋಗ್ಯಕ್ಕೆ ಕೆಟ್ಟದ್ದು ಎಂದು ಬುದ್ಧಿ ಹೇಳುವವರು ನನ್ನ ಮನೆಯಲ್ಲೇ ಇದ್ದಾರೆ, ಆ ಕೆಲಸ ಅವರಿಗೇ ಇರಲಿ.

ಕ್ಯೂಬಾದ ಹೆಸರಾಂತ ಸಿಗಾರ್ ಕೊಹಿಬಾ, 25ರ ಪೆಟ್ಟಿಗೆ, 14,000 ರೂಪಾಯಿ. "ತಮ್ಮ ಗಲ್ಫಿಂದ ತಂದದ್ದು ಅಣ್ಣ, ನಿಮಗೆ ಅಂತ ಈ ರೇಟು" ಎಂದ. ಒಬ್ಬ ಪ್ರಯಾಣಿಕ ಸುಂಕ ಕಟ್ಟದೆ ತರಬಹುದಾದದ್ದು 25 ಸಿಗಾರ್. ಇವನ ಕಾರಿನ ಡಿಕ್ಕಿಯಲ್ಲಿ ಪೆಟ್ಟಿಗೆ ಮೇಲೆ ಪೆಟ್ಟಿಗೆ ಇತ್ತು. ತಮ್ಮಂದಿರು ಎಷ್ಟು ಜನವೋ! ರೇಟೂ ಅಷ್ಟೇ. 2022ರಲ್ಲಿ ಕೊಹಿಬಾ ಬೆಲೆ ಎಲ್ಲ ದೇಶಗಳಲ್ಲೂ ವಿಪರೀತ ಏರಿತು. ಈಗ ಅಸಲಿ ಮಾಲು ಒಂದೊಂದಕ್ಕೇ ಸಾವಿರಗಟ್ಟಲೆ ಆಗುತ್ತದೆ.

ಪೆಟ್ಟಿಗೆ ನೋಡಲು ಭಾರೀ ಚಂದ. ಮೇಲೆ ಗಾಜಿನ ಮುಚ್ಚಳ, ಒಳಗೆ ಸಾಲಾಗಿ ಸಿಗಾರ್. ಆ ಗಾಜೇ ಮೊದಲ ಗುರುತು ಮಾರಾಯ್ರೇ. ಕೊಹಿಬಾ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಬರುವುದೇ ಇಲ್ಲ. ಅಸಲಿ ಮರದ ಪೆಟ್ಟಿಗೆಯ ಅಡಿಯಲ್ಲಿ ಸುಟ್ಟು ಒತ್ತಿದ ಮುದ್ರೆ ಇರುತ್ತದೆ: ಹಬಾನೋಸ್ ಎಸ್.ಎ. (ಕ್ಯೂಬಾದ ಸಿಗಾರ್ ಮಾರುವ ಕಂಪನಿ), ಕ್ಯೂಬಾದಲ್ಲಿ ತಯಾರಾದದ್ದು, ಪೂರ್ತಿ ಕೈಯಿಂದ ಮಾಡಿದ್ದು ಎಂದು ಸ್ಪ್ಯಾನಿಷ್‌ನಲ್ಲಿ. ಪಕ್ಕದಲ್ಲಿ ಫ್ಯಾಕ್ಟರಿಯ ಸಂಕೇತ, ಪ್ಯಾಕ್ ಮಾಡಿದ ತಿಂಗಳು, ವರ್ಷ. ನನ್ನದರಲ್ಲಿ ಇದ್ದದ್ದು ಒಂದು ಸ್ಟಿಕ್ಕರ್, ಉಗುರು ಹಾಕಿದರೆ ಏಳುತ್ತಿತ್ತು. ಎಡಬದಿಯ ಹಸಿರು ಸೀಲಿನ ನಂಬರನ್ನು ಹಬಾನೋಸ್ ವೆಬ್‌ಸೈಟಿನಲ್ಲಿ ಹಾಕಿದರೆ ಅಂಥ ಪೆಟ್ಟಿಗೆಯೇ ಇಲ್ಲ ಎಂದು ಬಂತು.

ಆದರೆ ಸೀಲನ್ನು, ಮುದ್ರೆಯನ್ನು ನಕಲು ಮಾಡಲು ಪ್ರೆಸ್ ಇದ್ದರೆ ಸಾಕು. ಎಲೆಗೆ ವರ್ಷಗಟ್ಟಲೆ ಕೆಲಸ ಬೇಕು, ಅಷ್ಟು ತಾಳ್ಮೆ ಇವರಿಗೆ ಎಲ್ಲಿಂದ ಬರಬೇಕು? ಅದಕ್ಕೇ ಎಲೆ ನೋಡಿ.

ಹ್ಯಾಂಡ್‌ಮೇಡ್ ಸಿಗಾರಿಗೆ ಮೂರು ಪದರ. ಹೊರಗೆ ನಯವಾದ ಒಂದು ಎಲೆ, ಅದರ ಕೆಳಗೆ ಬಿಗಿಯಾಗಿ ಹಿಡಿದುಕೊಳ್ಳುವ ಎಲೆ, ನಡುವೆ ತಿರುಳಿನ ಎಲೆಗಳು. ಗಿಡದ ಮೇಲ್ಭಾಗದ ಎಲೆಗೆ ಲಿಗೆರೊ ಎನ್ನುತ್ತಾರೆ, ಖಾರ ಅದರದ್ದು. ನಡುವಿನ ಸೆಕೊ ಘಮಕ್ಕೆ, ಕೆಳಗಿನ ವೊಲಾದೊ ಚೆನ್ನಾಗಿ ಉರಿಯಲಿಕ್ಕೆ. ಕೊಹಿಬಾಗೆ ಲಿಗೆರೊ, ಸೆಕೊ ಎರಡನ್ನೂ ಪೀಪಾಯಿಯಲ್ಲಿ ಮೂರನೇ ಸಲವೂ ಹುದುಗು ಬರಿಸುತ್ತಾರೆ. ಅದರ ಮೆದು ರುಚಿ ಬರುವುದೇ ಅಲ್ಲಿಂದ. ಪೆಟ್ಟಿಗೆಗೆ ತುಂಬುವಾಗ ಬಣ್ಣ ನೋಡಿ ಎಡದಿಂದ ಬಲಕ್ಕೆ ಗಾಢದಿಂದ ತಿಳಿಗೆ ಜೋಡಿಸುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಕಪ್ಪಿನ ಪಕ್ಕ ಹಳದಿ, ಹಳದಿಯ ಪಕ್ಕ ಕಂದು. ಸಿಗಾರಿಗೆ ಸುತ್ತಿದ ಕಾಗದದ ಪಟ್ಟಿ ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ.

ಹಚ್ಚಿದರೆ ಒಂದೇ ಬದಿ ಉರಿಯಿತು. ಬೂದಿ ಒಂದು ಉಗುರಿನಷ್ಟೂ ನಿಲ್ಲದೆ ಅಂಗಿ ಮೇಲೆ ಉದುರಿತು. ತುದಿಯ ಟೋಪಿ ಬಿಚ್ಚಿಕೊಂಡು ತುಟಿಗೆ ಅಂಟಿತು. ಅಲ್ಲಿಗೇ ನಂದಿಸಿ ಇನ್ನೊಂದನ್ನು ಅಡಿಕೆ ಕತ್ತರಿಯಲ್ಲಿ ಅಡ್ಡ ಕತ್ತರಿಸಿದೆ. ಅಸಲಿಯಾದರೆ ಎಲೆಗಳು ತುದಿಯಿಂದ ಬುಡದವರೆಗೂ ಉದ್ದಕ್ಕೆ ಇರುತ್ತವೆ, ಕೊಯ್ದಾಗ ಪತ್ರೊಡೆ ಕೊಯ್ದ ಹಾಗೆ ಮಡಿಕೆ ಮಡಿಕೆ ಕಾಣುತ್ತದೆ. ಇದರಲ್ಲಿ ಸುರಿದದ್ದು ಹುಡಿ, ಚೂರು, ನಡುವೆ ಬೆಂಕಿಕಡ್ಡಿ ದಪ್ಪದ ದಂಟು. ಪಳ್ಳಿಕ್ಕೆರೆ, ಅಜಾನೂರು ಬಯಲಲ್ಲಿ ಹೊಗೆಸೊಪ್ಪು ಬೆಳೆದ ಊರು ನಮ್ಮದು. ಎಲೆ ಯಾವುದು, ದಂಟು ಯಾವುದು ಎಂದು ಇಲ್ಲಿಯವರಿಗೆ ಹೇಳಿಕೊಡಬೇಕಾ?

ದುಡ್ಡು ಹೋದದ್ದು ಒಂದು ಕಡೆ. ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು, ಇದನ್ನು ಮಾರುವವರು ಹೇಳುವುದಿಲ್ಲ. ಈ ಪೆಟ್ಟಿಗೆ ನನ್ನ ಹುಮಿಡಾರಿನಲ್ಲಿ, ಅಂದರೆ ಸಿಗಾರ್ ಒಣಗದಂತೆ ತೇವ ಕಾಪಾಡುವ ಡಬ್ಬದಲ್ಲಿ, ಹಳೆಯ ಒಳ್ಳೆಯ ಸಿಗಾರುಗಳ ಜೊತೆ ಇತ್ತು. ಸ್ವಲ್ಪ ದಿನದಲ್ಲೇ ಅವುಗಳ ಮೇಲೂ ಗುಂಡುಸೂಜಿ ಚುಚ್ಚಿದಂಥ ತೂತು. ಹೊಗೆಸೊಪ್ಪಿನ ಹುಳ. ಎಲೆಯಲ್ಲೇ ಮೊಟ್ಟೆ ಇರುತ್ತದೆ, ಸೆಕೆ ಏರಿದರೆ ಒಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಸೆಕೆಗೇನು ಬರ ಇದೆಯಾ! ಕ್ಯೂಬಾದವರು ರಫ್ತಿಗೆ ಮುಂಚೆ ಮಾಲನ್ನು ಹೆಪ್ಪುಗಟ್ಟಿಸಿ ಮೊಟ್ಟೆ ಸಾಯಿಸುತ್ತಾರೆ. ನಕಲಿ ಮಾಡುವವನಿಗೆ ಅಷ್ಟು ಕಷ್ಟ ಯಾಕೆ? ತಿನ್ನುವುದು ನಮ್ಮ ಮಾಲನ್ನಲ್ವಾ.

ಹಾಗಾಗಿ ಗೊತ್ತಿಲ್ಲದ ಕಡೆಯಿಂದ ಬಂದ ಸಿಗಾರನ್ನು ಯಾರು ಕೊಟ್ಟರೂ ಬೇರೆಯವುಗಳ ಜೊತೆ ಇಡಬೇಡಿ. ಪೂರ್ತಿ ಪೆಟ್ಟಿಗೆಗೆ ಮೊದಲು ಒಂದೇ ಒಂದನ್ನು ಕೇಳಿ, ಕೊಯ್ದು ನೋಡಿ. ಕೊಡದಿದ್ದರೆ ಮಾತು ಮುಗಿಯಿತು. ಹುಳ ಬಿದ್ದಿದ್ದರೆ ತೂತಿದ್ದದ್ದನ್ನೆಲ್ಲ ಎಸೆಯಿರಿ. ಉಳಿದದ್ದನ್ನು ಗಾಳಿಯಾಡದ ಜಿಪ್ ಚೀಲಕ್ಕೆ ಹಾಕಿ ಮೂರು ದಿನ ಫ್ರೀಜರಿನಲ್ಲಿ, ಆಮೇಲೆ ಒಂದು ದಿನ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಡಿ. ಸೀದಾ ಹೊರಗೆ ತೆಗೆದರೆ ಹೊರ ಎಲೆ ಬಿರಿಯುತ್ತದೆ. ಹುಮಿಡಾರನ್ನು ಖಾಲಿ ಮಾಡಿ, ಮೂಲೆ ಮೂಲೆ ಒರೆಸಿ. ಆಟಿಯ ಮಳೆಗೆ ಒಳಗಿನ ತೇವ ಶೇಕಡಾ 70ರ ಮೇಲೆ ಹೋದರೆ ಬೂಷ್ಟು ಹಿಡಿಯಬಹುದು, ಅದರ ಮೇಲೂ ಒಂದು ಕಣ್ಣಿರಲಿ. ವಾಪಸ್ ಇಡುವ ಮುಂಚೆ ಒಂದೊಂದು ಸಿಗಾರನ್ನೂ ಬಿಳಿ ಕಾಗದದ ಮೇಲೆ ಮೆಲ್ಲಗೆ ತಟ್ಟಿ. ಕಂದು ಹುಡಿ ಬಿದ್ದರೆ ಅದು ಬೇಡ.