ನಡತೆ ನಿಯಮಗಳು 2021: ಸ್ಟಾಫ್ ರೂಮಿನ ಕಪಾಟಿನಲ್ಲಿಡುವಷ್ಟು ಉಪಯೋಗವಿದೆಯೇ?

ಸರ್ಕಾರಿ ಶಾಲೆಯ ಕೆಲಸಕ್ಕೆ ಸೇರುವ ದಿನ ಕೈಗೆ ಬರುವ ಕಾಗದಗಳಲ್ಲಿ ನಡತೆ ನಿಯಮಗಳ ಪುಸ್ತಕ ಮಾತ್ರ ಇರುವುದಿಲ್ಲ. ಅದನ್ನು ಪಾಲಿಸುವ ಷರತ್ತು ನೇಮಕಾತಿಯ ಜೊತೆಗೇ ಅಂಟಿಕೊಂಡು ಬರುತ್ತದೆ, ಪುಸ್ತಕ ಬರುವುದಿಲ್ಲ. ಹೆಚ್ಚಿನ ಮೇಷ್ಟ್ರು, ಟೀಚರುಗಳು ಅದನ್ನು ಮೊದಲ ಸಲ ತೆರೆಯುವುದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಕಾರಣ ಕೇಳಿ ನೋಟಿಸ್ ಬಂದ ಸಂಜೆ. ಅಷ್ಟು ತಡಮಾಡದೆ, ದಿನಬಳಕೆಯ ಕೈಪಿಡಿಯಾಗಿ ಇದು ಹೇಗಿದೆ ಎಂದು ಇಲ್ಲಿ ನೋಡೋಣ.

ಮೊದಲು ಕೈಯಲ್ಲಿರುವ ಪ್ರತಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಹಳೆಯದು 1966ರ ನಿಯಮಗಳು. 2021ರ ಜನವರಿಯಲ್ಲಿ ಅವುಗಳ ಜಾಗಕ್ಕೆ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಬಂದವು. ಶಾಲೆಗಳ ಕಪಾಟಿನಲ್ಲಿ ಇನ್ನೂ 1966ರ ಕೈಪಿಡಿ ಇದ್ದರೆ ಆಶ್ಚರ್ಯವಿಲ್ಲ. ಹೂರಣ ಬಹುಪಾಲು ಒಂದೇ, ಆದರೆ ನಿಯಮದ ಸಂಖ್ಯೆಗಳು ಹಾಗೇ ಉಳಿದಿವೆ ಎಂದು ನಂಬುವಂತಿಲ್ಲ. ನೋಟಿಸಿಗೆ ಉತ್ತರ ಬರೆಯುವಾಗ ಹಳೆಯ ಸಂಖ್ಯೆ ಹಾಕಿದರೆ, ಓದುವ ಅಧಿಕಾರಿಗೆ ನೀವು ಪುಸ್ತಕ ತೆರೆದೇ ಇಲ್ಲವೆಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.

ಭಾಷೆ ಗೆಜೆಟ್ಟಿನ ಭಾಷೆ. ‘ತಕ್ಕದ್ದು’ಗಳ ಸಾಲು, ನಡುವೆ ‘ಪರಂತು’. ಓದುವವರು ಎಡವುವುದು ಈ ಪರಂತುವಿನಲ್ಲೇ. ಮೇಲಿನ ಸಾಲು ‘ಮಾಡಕೂಡದು’ ಎನ್ನುತ್ತದೆ, ಪರಂತು ‘ಇಂಥ ಸಂದರ್ಭದಲ್ಲಿ ಮಾಡಬಹುದು’ ಎನ್ನುತ್ತದೆ. ಅರ್ಧ ಓದಿ ಹೆದರುವವರೂ ಇದ್ದಾರೆ, ಅರ್ಧ ಓದಿ ಧೈರ್ಯ ತಂದುಕೊಳ್ಳುವವರೂ ಇದ್ದಾರೆ. ಕಥೆ, ಕವನ, ವಿಜ್ಞಾನ ಲೇಖನ ಬರೆಯುವ ಶಿಕ್ಷಕರು ನಮ್ಮಲ್ಲಿ ಬೇಕಾದಷ್ಟು. ಕೆಲಸಕ್ಕೆ ಅಡ್ಡಿಯಾಗದಂತೆ ಆಗೊಮ್ಮೆ ಈಗೊಮ್ಮೆ ಬರೆಯುವ ಸಾಹಿತ್ಯದ ತಂಟೆಗೆ ನಿಯಮ ಬರುವುದಿಲ್ಲ. ಸರ್ಕಾರದ ನೀತಿಯನ್ನು ಪತ್ರಿಕೆಯಲ್ಲೋ ಟಿವಿಯಲ್ಲೋ ಸಾರ್ವಜನಿಕವಾಗಿ ಟೀಕಿಸಿದರೆ ಅದರ ಬಾಯಿಗೆ ಬೀಳುತ್ತೀರಿ. ಫೇಸ್‌ಬುಕ್ ಪೋಸ್ಟು, ಸಾವಿರ ಜನರಿರುವ ವಾಟ್ಸ್ಆ್ಯಪ್ ಗುಂಪಿನ ಮೆಸೇಜು ಖಾಸಗಿ ಮಾತು ಎಂಬ ವಾದ ವಿಚಾರಣಾಧಿಕಾರಿಯ ಮುಂದೆ ನಿಲ್ಲುವುದು ಕಷ್ಟ.

ಈ ಪುಸ್ತಕದ ನಿಜವಾದ ಬೆಲೆ ಇರುವುದು ನಾವೆಲ್ಲ ಸಣ್ಣದೆಂದುಕೊಂಡ ವಿಷಯಗಳಲ್ಲಿ. ಶಾಲಾ ವಾರ್ಷಿಕೋತ್ಸವಕ್ಕೋ ಕಾಂಪೌಂಡಿಗೋ ಊರಿನಲ್ಲಿ ಚಂದಾ ಎತ್ತುವುದನ್ನು ತೆಗೆದುಕೊಳ್ಳಿ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅನುಮತಿಯಿಲ್ಲದೆ ಸರ್ಕಾರಿ ನೌಕರ ಹಣ ಸಂಗ್ರಹಿಸುವಂತಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಠರಾವು ಬರೆದು, ಮೇಲಿನವರ ಅನುಮತಿ ಪಡೆದು, ಹಣವನ್ನು ಸಮಿತಿಯ ಖಾತೆಗೇ ಹಾಕಿಸಿ. ಮೇಷ್ಟ್ರ ಸ್ವಂತ ಫೋನಿನ ಕ್ಯುಆರ್ ಕೋಡ್‌ಗೆ ನೂರು ರೂಪಾಯಿ ಬಂದರೂ ಅದು ಚಂದಾದ ಲೆಕ್ಕವಾಗಿ ಉಳಿಯದೆ ಪ್ರಾಮಾಣಿಕತೆಯ ಪ್ರಶ್ನೆಯಾಗುತ್ತದೆ.

ಬೀಳ್ಕೊಡುಗೆಯದೂ ಹೀಗೇ. ವರ್ಗಾವಣೆಗೋ ನಿವೃತ್ತಿಗೋ ಸಹೋದ್ಯೋಗಿಗಳು ಸೇರಿ ಸರಳವಾಗಿ, ಖಾಸಗಿಯಾಗಿ ಮಾಡುವ ಸಮಾರಂಭಕ್ಕೆ ಅಡ್ಡಿಯಿಲ್ಲ. ಆದರೆ ಸೇವೆಯಲ್ಲಿರುವ ಅಧಿಕಾರಿಯನ್ನು ಸನ್ಮಾನಿಸಲು ತಾಲ್ಲೂಕಿಡೀ ತಲೆಗೆ ಇಷ್ಟೆಂದು ವಸೂಲಿ ಮಾಡುವುದು ಆ ರಿಯಾಯಿತಿಯೊಳಗೆ ಬರುವುದಿಲ್ಲ. ಬಡ್ಡಿಗೆ ಸಾಲ ಕೊಡುವುದು, ಖಾಸಗಿ ವ್ಯಾಪಾರ ನಡೆಸುವುದು ನಿಷಿದ್ಧ. ಮನೆಯವರ ಹೆಸರಿನಲ್ಲಿ ವಿಮಾ ಏಜೆನ್ಸಿಯೋ ಅಂಗಡಿಯೋ ಇದ್ದರೆ ಇಲಾಖೆಗೆ ತಿಳಿಸಿಬಿಡಿ. ತಿಳಿಸಿದ್ದರಿಂದ ಕೆಲಸ ಹೋಗುವುದಿಲ್ಲ, ಮುಚ್ಚಿಟ್ಟಿದ್ದು ಬಯಲಾದಾಗ ತೊಂದರೆ.

ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಮುರಿಯಲ್ಪಡುವ ನಿಯಮ ಯಾವುದೆಂದು ಕೇಳಿದರೆ ನಮ್ಮ ಉತ್ತರ ಒಂದೇ, ಪ್ರಭಾವ ಬೀರಿಸುವುದು. ಸೇವಾ ವಿಷಯಗಳಲ್ಲಿ ರಾಜಕೀಯ ಅಥವಾ ಹೊರಗಿನ ಒತ್ತಡ ತರಕೂಡದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೂ ವರ್ಗಾವಣೆ, ನಿಯೋಜನೆ ಎಂದೊಡನೆ ಮೊದಲು ನೆನಪಾಗುವುದು ಶಾಸಕರ ಲೆಟರ್‌ಹೆಡ್ಡು. ಶಿಕ್ಷಕರ ವರ್ಗಾವಣೆಗೆ 2020ರ ಕಾಯ್ದೆಯೇ ಪ್ರತ್ಯೇಕವಾಗಿರುವಾಗ, ಆ ಪತ್ರದಿಂದ ಆಗುವ ಖಚಿತವಾದ ಕೆಲಸ ಒಂದೇ: ಸ್ವಂತ ಸಹಿಯ ಅರ್ಜಿಗೆ ಲಗತ್ತಿಸಿದ ನಿಯಮಭಂಗದ ಪುರಾವೆ ಕಡತದಲ್ಲಿ ಕಾಯಂ ಆಗಿ ಕೂರುತ್ತದೆ.

ಶಿಕ್ಷಕರ ಪರವಾಗಿರುವ ಒಂದು ಅಂಶವನ್ನು ಮಾತ್ರ ಯಾರೂ ಬಳಸುವುದಿಲ್ಲ. ಮೇಲಧಿಕಾರಿಯ ನಿರ್ದೇಶನದ ಮೇಲೆ ಏನಾದರೂ ಮಾಡುವಾಗ ಸಾಧ್ಯವಿದ್ದ ಕಡೆಯೆಲ್ಲ ಅದನ್ನು ಲಿಖಿತವಾಗಿ ಪಡೆಯಬೇಕು, ಆಗದಿದ್ದರೆ ಆದಷ್ಟು ಬೇಗ ಲಿಖಿತ ದೃಢೀಕರಣ ಪಡೆಯಬೇಕು ಎಂಬ ತತ್ವ ಅದು. ಈಗ ಆದೇಶಗಳೆಲ್ಲ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜಿನಲ್ಲಿ ಬರುತ್ತವೆ: ‘ನಾಳೆ ಆ ಶಾಲೆಗೆ ಹೋಗಿ’, ‘ಇವತ್ತೇ ಈ ಮಾಹಿತಿ ಕೊಡಿ’. ಅದೇ ದಿನ ಎರಡು ಸಾಲು ಬರೆದು ಕಳಿಸಿ: ‘ತಾವು ಇಂದು ಇಷ್ಟು ಗಂಟೆಗೆ ಮೌಖಿಕವಾಗಿ ಸೂಚಿಸಿದಂತೆ ನಾಳೆ ಇಂಥ ಶಾಲೆಗೆ ಹಾಜರಾಗುತ್ತಿದ್ದೇನೆ, ದಯವಿಟ್ಟು ಲಿಖಿತ ಆದೇಶ ನೀಡಬೇಕಾಗಿ ವಿನಂತಿ.’ ಉತ್ತರ ಬರಲಿ ಬಿಡಲಿ, ಚಲನವಲನ ವಹಿಯಲ್ಲೂ ಹಾಗೇ ನಮೂದಿಸಿ. ಆರು ತಿಂಗಳ ನಂತರ ‘ಶಾಲೆಯಲ್ಲಿ ಇರಲಿಲ್ಲ’ ಎಂಬ ಶರಾ ಬಂದಾಗ ಕೈ ಹಿಡಿಯುವುದು ಈ ಎರಡು ಸಾಲು.

ಇನ್ನು ಕೊರತೆಗಳ ಮಾತು. ಇದು ಕಚೇರಿಯ ಮೇಜನ್ನು ಕಣ್ಣಮುಂದಿಟ್ಟುಕೊಂಡು ಬರೆದ ಪುಸ್ತಕ, ತರಗತಿಯನ್ನಲ್ಲ. ಶಾಲಾ ದಿನದ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಬೇರೆ ಕಡೆ ಇದೆ. 1ರಿಂದ 8ನೇ ತರಗತಿವರೆಗಿನ ಶಿಕ್ಷಕರಿಗೆ ಅದಕ್ಕಿಂತ ಹತ್ತಿರದ ನಡತೆ ಸಂಹಿತೆ ಎಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ). ಅದರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 24ನೇ ಕಲಂ ವೇಳೆಗೆ ಸರಿಯಾಗಿ ಬರುವುದು, ಪಠ್ಯ ಮುಗಿಸುವುದು, ಪಾಲಕರ ಸಭೆ ನಡೆಸುವುದು ಮುಂತಾದ ಕರ್ತವ್ಯಗಳನ್ನು ಹೇಳುತ್ತದೆ. ಖಾಸಗಿ ಟ್ಯೂಷನ್ ಬೇಡವೆನ್ನುವುದು 28. ಅನುಸೂಚಿಯ ಪ್ರಕಾರ ಶಿಕ್ಷಕರ ವಾರದ ಕೆಲಸ ಪೂರ್ವತಯಾರಿಯೂ ಸೇರಿ ಕನಿಷ್ಠ 45 ಗಂಟೆ, ಶಾಲಾ ದಿನಗಳು 1ರಿಂದ 5ಕ್ಕೆ 200, 6ರಿಂದ 8ಕ್ಕೆ 220.

27ನೇ ಕಲಂ ಬಗ್ಗೆ ಸ್ಟಾಫ್ ರೂಮಿನಲ್ಲಿ ಬಹಳ ತಪ್ಪು ತಿಳಿವಳಿಕೆ ಇದೆ. ಬೋಧಕೇತರ ಕೆಲಸವೆಲ್ಲ ನಿಷಿದ್ಧ ಎಂದು ಅದು ಹೇಳುವುದಿಲ್ಲ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಸ್ಥಳೀಯ ಸಂಸ್ಥೆ, ವಿಧಾನಮಂಡಲ ಮತ್ತು ಸಂಸತ್ತಿನ ಚುನಾವಣೆ ಕರ್ತವ್ಯಗಳನ್ನು ಅದು ಹೊರಗಿಟ್ಟಿದೆ. ಹೀಗಾಗಿ ‘ಆರ್‌ಟಿಇ ಇದೆ, ಎಲೆಕ್ಷನ್ ಡ್ಯೂಟಿಗೆ ಬರಲ್ಲ’ ಎಂಬ ಉತ್ತರ ನಿಲ್ಲುವುದಿಲ್ಲ. ನಿಲ್ಲುವ ಮಾತು ಬೇರೆ: ಮತದಾರರ ಪಟ್ಟಿ ಪರಿಷ್ಕರಣೆಯಂಥ ಕೆಲಸವನ್ನು ಶಿಕ್ಷಕರಿಗೆ ರಜಾದಿನ ಮತ್ತು ಬೋಧನೆಯಿಲ್ಲದ ದಿನಗಳಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 2007ರಲ್ಲಿ ಸೇಂಟ್ ಮೇರೀಸ್ ಶಾಲೆಯ ಪ್ರಕರಣದಲ್ಲಿ ಹೇಳಿದೆ. ಆದೇಶ ತಿರಸ್ಕರಿಸುವ ಬದಲು, ಇದನ್ನು ಉಲ್ಲೇಖಿಸಿ ದಿನ ಬದಲಿಸಲು ಕೇಳಿ.

ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ ಕಾಯ್ದೆ) ವಿಷಯದಲ್ಲಂತೂ ನಡತೆ ನಿಯಮಗಳನ್ನು ನಂಬಿ ಕೂರುವುದು ಅಪಾಯ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ಗೊತ್ತಾದರೆ 2012ರ ಆ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೋ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ಮುಖ್ಯ ಗುರುಗಳ ಕಿವಿಗೆ ಹಾಕಿದರೆ ಕರ್ತವ್ಯ ಮುಗಿಯಿತು ಎಂದುಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆ, ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಸೆರೆ ಒಂದು ವರ್ಷದವರೆಗೆ. ‘ಶಾಲೆಯ ಮರ್ಯಾದೆ’ ಎಂಬ ಮಾತಿಗೆ ಆ ಕಾಯ್ದೆಯಲ್ಲಿ ಜಾಗವಿಲ್ಲ.

ಸಹೋದ್ಯೋಗಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಆಂತರಿಕ ಸಮಿತಿ ಕಡ್ಡಾಯವಾಗುವುದು 10 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ. ಮೂವರು ಶಿಕ್ಷಕಿಯರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಿತಿಯ ಬೋರ್ಡು ಹುಡುಕಿ ಪ್ರಯೋಜನವಿಲ್ಲ. ಅಂಥಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅವಧಿ ಘಟನೆಯಿಂದ ಮೂರು ತಿಂಗಳು. ತಡವಾದದ್ದಕ್ಕೆ ಕಾರಣ ಸರಿಯಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು.

ರಜೆಗೆ ಇರುವುದು ಕೆಸಿಎಸ್‌ಆರ್, ಅಂದರೆ ಕರ್ನಾಟಕ ಸಿವಿಲ್ ಸೇವಾ ನಿಯಮಗಳು. ನಡತೆ ಪುಸ್ತಕಕ್ಕೂ ರಜೆಗೂ ಸಂಬಂಧವಿಲ್ಲ ಅನ್ನಿಸುತ್ತದೆ, ಆದರೆ ಹಾಜರಾತಿ ಪುಸ್ತಕವನ್ನು ಹತ್ತಿರದಿಂದ ನೋಡಿದರೆ ಸಂಬಂಧ ಕಾಣುತ್ತದೆ. ಅದರೊಳಗೆ ಮಡಚಿಟ್ಟ ಒಂದು ಹಾಳೆ: ಸಾಂದರ್ಭಿಕ ರಜೆಯ (ಸಿ.ಎಲ್.) ಅರ್ಜಿ, ಸಹಿ ಇದೆ, ದಿನಾಂಕದ ಜಾಗ ಖಾಲಿ. ಸಿಆರ್‌ಪಿಯೋ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇಸಿಒನೋ (ಶಿಕ್ಷಣ ಸಂಯೋಜಕರು) ಬಂದರೆ ದಿನಾಂಕ ತುಂಬಿ ತೋರಿಸುವುದು, ಯಾರೂ ಬರದಿದ್ದರೆ ಮರುದಿನ ಎರಡೂ ದಿನದ ಸಹಿ ಒಟ್ಟಿಗೆ ಹಾಕಿ ಸಿ.ಎಲ್. ಉಳಿಸಿಕೊಳ್ಳುವುದು. ಮಂಜೂರಿಯಿಲ್ಲದ ಒಂದು ದಿನದ ಗೈರು ಅದೊಂದು ಗೈರಿನ ಪ್ರಶ್ನೆ. ಈ ಹಾಳೆ ಸಿಕ್ಕಿತೆಂದರೆ ಅದು ದಾಖಲೆ ತಿದ್ದಿದ ಆರೋಪವಾಗುತ್ತದೆ, ಅರ್ಜಿಯನ್ನು ಇಟ್ಟುಕೊಂಡ ಮುಖ್ಯ ಗುರುಗಳೂ ಜೊತೆಗೆ ಸಿಕ್ಕಿಕೊಳ್ಳುತ್ತಾರೆ. ಹುಷಾರಿಲ್ಲದ ಬೆಳಿಗ್ಗೆ ಸಮಯಸಹಿತ ಒಂದು ಮೆಸೇಜು, ಮರಳಿದ ದಿನ ಅರ್ಜಿ, ಪುಸ್ತಕದಲ್ಲಿ ‘ಸಿ.ಎಲ್.’ ನಮೂದು. ಇಷ್ಟು ಸಾಕು.

ಕೊನೆಯ ಕೊರತೆ, ನಿಯಮ ಮುರಿದರೆ ಏನಾಗುತ್ತದೆ ಎಂಬುದು ಈ ಪುಸ್ತಕದೊಳಗಿಲ್ಲ. ಅದು 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಲ್ಲಿದೆ, ಬಾಯಿಮಾತಿನಲ್ಲಿ ಸಿಸಿಎ. ದಂಡನೆಗಳ ಪಟ್ಟಿ 8ನೇ ನಿಯಮ, ಅಮಾನತು 10, ಕಠಿಣ ದಂಡನೆಗೆ ನಡೆಸಬೇಕಾದ ವಿಚಾರಣೆ 11, ಲಘು ದಂಡನೆಯ ಕ್ರಮ 12. ಅಮಾನತು ದಂಡನೆಯಲ್ಲ, 48 ಗಂಟೆಗಿಂತ ಹೆಚ್ಚು ಪೊಲೀಸ್ ಅಥವಾ ನ್ಯಾಯಾಂಗ ವಶದಲ್ಲಿದ್ದರೆ ಅಮಾನತಾದಂತೆಯೇ ಲೆಕ್ಕ. ಇನ್‌ಕ್ರಿಮೆಂಟ್ ಕಟ್ ಆದೇಶ ಬಂದರೆ ಮೊದಲು ಹುಡುಕಬೇಕಾದ ಪದ ‘ಸಂಚಿತ ಪರಿಣಾಮ’. ಅದು ಇಲ್ಲದಿದ್ದರೆ ಆ ಅವಧಿಯ ನಷ್ಟ, ಇದ್ದರೆ ಪಿಂಚಣಿವರೆಗೂ ಹಿಂಬಾಲಿಸುವ ನಷ್ಟ. ಸಂಚಿತ ಪರಿಣಾಮದ ತಡೆಯನ್ನು ಪೂರ್ಣ ವಿಚಾರಣೆಯಿಲ್ಲದೆ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಕುಲವಂತ್ ಸಿಂಗ್ ಗಿಲ್ ತೀರ್ಪು ಹೇಳುತ್ತದೆ.

ಹಾಗಾಗಿ ನಮ್ಮ ಅಭಿಪ್ರಾಯದಲ್ಲಿ 2021ರ ನಿಯಮಗಳನ್ನು ಒಂಟಿಯಾಗಿ ಇಟ್ಟುಕೊಂಡರೆ ಅರ್ಧ ಉಪಯೋಗ. ಸಿಸಿಎಯ 8ರಿಂದ 12ನೇ ನಿಯಮಗಳ ಪುಟಗಳನ್ನೂ ಆರ್‌ಟಿಇಯ ನಾಲ್ಕನೇ ಅಧ್ಯಾಯವನ್ನೂ ಝೆರಾಕ್ಸ್ ಮಾಡಿಸಿ ಒಟ್ಟಿಗೆ ಪಿನ್ ಹೊಡೆದರೆ ಶಾಲೆಗೆ ಬೇಕಾದ ಪುಸ್ತಕವಾಗುತ್ತದೆ.

ನೋಟಿಸ್ ಬಂದೇ ಬಿಟ್ಟಿದ್ದರೆ ಬಳಸುವ ಕ್ರಮ ಹೀಗೆ. ತೆಗೆದುಕೊಳ್ಳುವಾಗ ಸಹಿಯ ಕೆಳಗೆ ದಿನಾಂಕ ಹಾಕಿ, ಉತ್ತರದ ಗಡುವು ಅಲ್ಲಿಂದ ಶುರು. ನೋಟಿಸಿನಲ್ಲಿ ಯಾವ ನಿಯಮ, ಯಾವ ದಿನ, ಯಾವ ದಾಖಲೆ ಎಂದಿದೆಯೋ ನೋಡಿ. ದಾಖಲೆಯ ಪ್ರತಿ ಕೊಟ್ಟಿಲ್ಲದಿದ್ದರೆ ಮೊದಲು ಅದನ್ನೇ ಕೇಳಿ ಪತ್ರ ಬರೆಯಿರಿ, ಗಡುವಿನೊಳಗೆ. ಉತ್ತರದಲ್ಲಿ ನೋಟಿಸಿನ ಸಂಖ್ಯೆ, ದಿನಾಂಕ, ಆಮೇಲೆ ಆರೋಪದ ಕ್ರಮದಲ್ಲೇ ಒಂದೊಂದಕ್ಕೂ ಉತ್ತರ. ‘ಇದೊಂದು ಸಲ ಕ್ಷಮಿಸಿ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ’ ಎಂದು ಗಾಬರಿಯಲ್ಲಿ ಬರೆದುಕೊಡುವ ಚೀಟಿ ನಾಳೆ ತಪ್ಪೊಪ್ಪಿಗೆಯಾಗಿ ಕಡತದಲ್ಲಿ ಓದಲ್ಪಡುತ್ತದೆ. ಆಗಿರುವ ತಪ್ಪನ್ನು ಒಪ್ಪಿಕೊಳ್ಳುವುದಿದ್ದರೂ ಎಷ್ಟು ಆಗಿದೆಯೋ ಅಷ್ಟನ್ನೇ, ಸಂದರ್ಭ ಸಹಿತ ಬರೆಯಿರಿ. ವಿಚಾರಣೆ ಶುರುವಾದರೆ ಇನ್ನೊಬ್ಬ ಸರ್ಕಾರಿ ನೌಕರರ ನೆರವು ಪಡೆಯಲು ಅವಕಾಶವಿದೆ. ಉತ್ತರವನ್ನು ಎರಡು ಪ್ರತಿ ಮಾಡಿ, ಮುಖ್ಯ ಗುರುಗಳ ಮೂಲಕವೇ ಸಲ್ಲಿಸಿ. ಎರಡನೇ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು, ದಿನಾಂಕ, ಪಡೆದವರ ಸಹಿ ಬೀಳುವವರೆಗೂ ಟಪಾಲು ಗುಮಾಸ್ತರ ಮೇಜಿನ ಮುಂದಿನಿಂದ ಕದಲಬೇಡಿ.