ಟ್ರ್ಯಾಕ್ ಡೇಗಾಗಿ ಕೊಂಡ ಹೆಚ್ಚುವರಿ ಸೈಲೆನ್ಸರ್: ಒಂದು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಇಂಗ್ಲೆಂಡಿನ ರೇಸ್ ಟ್ರ್ಯಾಕ್‌ಗಳಲ್ಲಿ ಸ್ವಂತ ಕಾರನ್ನು ಓಡಿಸುವ ದಿನಗಳಿಗೆ, ಅಂದರೆ ಟ್ರ್ಯಾಕ್ ಡೇಗಳಿಗೆ, ಹೋಗುವವರು ಟೈರು, ಬ್ರೇಕ್ ಪ್ಯಾಡುಗಳ ಬಗ್ಗೆ ಎಷ್ಟು ಯೋಚಿಸುತ್ತಾರೋ ಅಷ್ಟೇ ಗಂಭೀರವಾಗಿ ಸದ್ದಿನ ಮಿತಿಯ ಬಗ್ಗೆಯೂ ಯೋಚಿಸಬೇಕು. ದಿನದ ಶುಲ್ಕ ಕಟ್ಟಿ, ಬೆಳಗಿನ ಜಾವ ಎದ್ದು ನೂರಾರು ಕಿಲೋಮೀಟರ್ ಬಂದವರು ಸದ್ದಿನ ಕಾರಣಕ್ಕೆ ಹತ್ತು ಗಂಟೆಗೇ ಮನೆಗೆ ಹಿಂದಿರುಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಶುಲ್ಕವೂ ಮರಳಿ ಬರುವುದಿಲ್ಲ. ಹಾಗಾಗಬಾರದೆಂದು ಕಳೆದ ವರ್ಷ ನನ್ನ ಹಳೆಯ ಮಜ್ದಾ ಎಂಎಕ್ಸ್-5 ಕಾರಿಗೆ ಎಕ್ಸಾಸ್ಟ್ ಪೈಪಿನ ತುದಿಗೆ ಸಿಕ್ಕಿಸುವ ಹೆಚ್ಚುವರಿ ಸೈಲೆನ್ಸರ್ ಒಂದನ್ನು 145 ಪೌಂಡ್ ಕೊಟ್ಟು ಕೊಂಡೆ. ಒಂದು ಸಣ್ಣ ವರ್ಕ್‌ಶಾಪ್ ಅದನ್ನು ಅಳತೆಗೆ ತಕ್ಕಂತೆ ಮಾಡಿಕೊಟ್ಟಿತು. ಒಂದು ವರ್ಷದ ಬಳಕೆಯಲ್ಲಿ ಅದು ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಸಾಮಾನಿನ ಉಪಯೋಗ ಗೊತ್ತಾಗಬೇಕಾದರೆ ಟ್ರ್ಯಾಕ್‌ನವರು ಸದ್ದನ್ನು ಹೇಗೆ ಅಳೆಯುತ್ತಾರೆಂಬುದು ಮೊದಲು ತಿಳಿದಿರಬೇಕು. ಅಳತೆಗಳು ಎರಡು. ಒಂದು, ನಿಂತ ಕಾರಿನ ಪರೀಕ್ಷೆ. ಎಕ್ಸಾಸ್ಟ್ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಸದ್ದು ಅಳೆಯುವ ಮೀಟರ್ ಹಿಡಿದು, ಎಂಜಿನ್ನಿನ ಗರಿಷ್ಠ ವೇಗದ ಮುಕ್ಕಾಲು ಭಾಗಕ್ಕೆ ಆಕ್ಸಿಲರೇಟರ್ ಒತ್ತಿಸುತ್ತಾರೆ. ನನ್ನ ಕಾರಿನ ಗರಿಷ್ಠ ಸುಮಾರು 7,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಆದ್ದರಿಂದ ಪರೀಕ್ಷೆ ನಡೆಯುವುದು 5,250ರಲ್ಲಿ. ಸದ್ದನ್ನು ಅಳೆಯುವ ಮಾನ ಡೆಸಿಬೆಲ್, ಮಿತಿ ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಬದಲಾಗುತ್ತದೆ. ವಿಲ್ಟ್‌ಶೈರಿನ ಕ್ಯಾಸಲ್ ಕೂಂಬ್‌ನಲ್ಲಿ ಅದು 100 ಡೆಸಿಬೆಲ್. ಎರಡನೆಯದು ಓಡುವ ಕಾರಿನ ಅಳತೆ. ಟ್ರ್ಯಾಕ್ ಪಕ್ಕದಲ್ಲಿ ನೆಟ್ಟ ಮೈಕು ದಿನವಿಡೀ ಕಿವಿಗೊಟ್ಟಿರುತ್ತದೆ, ನೀವು ಅದರ ಮುಂದೆ ಹಾದುಹೋದಾಗಲೆಲ್ಲ ಸಂಖ್ಯೆ ದಾಖಲಾಗುತ್ತದೆ. ಬೆಡ್‌ಫರ್ಡ್ ಆಟೋಡ್ರೋಮ್‌ನಲ್ಲಿ ಈ ಮಿತಿ 87.5 ಡೆಸಿಬೆಲ್. ಮೀರಿದವರಿಗೆ ಕಪ್ಪು ಬಾವುಟ ತೋರಿಸಿ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ, ಕರೆಸುತ್ತಾರೆ.

ನಿಂತ ಪರೀಕ್ಷೆಯಲ್ಲಿ ಈ ಸೈಲೆನ್ಸರ್ ಚೆನ್ನಾಗಿ ಕೆಲಸ ಮಾಡಿತು, ಇದರಲ್ಲಿ ಅನುಮಾನವಿಲ್ಲ. ನನ್ನ ಕಾರಿಗೆ ಹಿಂದಿನ ಮಾಲೀಕರು ಹಾಕಿಸಿದ್ದ ಸ್ಪೋರ್ಟ್ಸ್ ಎಕ್ಸಾಸ್ಟ್ ಇದೆ. ಅದೊಂದೇ ಇದ್ದಾಗ ಪರೀಕ್ಷೆಯ ಸಂಖ್ಯೆ 99. ಹೊಸದನ್ನು ಸಿಕ್ಕಿಸಿದ ಮೇಲೆ ಅದೇ ಜಾಗದಲ್ಲಿ 93 ಬಂತು. ಡೆಸಿಬೆಲ್ ಲೆಕ್ಕ ಸಾಮಾನ್ಯ ಲೆಕ್ಕವಲ್ಲ, 3 ಇಳಿಯಿತೆಂದರೆ ಶಬ್ದದ ಶಕ್ತಿ ಅರ್ಧಕ್ಕೆ ಬಂತೆಂದು ಅರ್ಥ. ಹಾಗಾಗಿ 6 ಇಳಿದರೆ ಕಾಲು ಭಾಗವಷ್ಟೇ ಉಳಿಯಿತು. ಪರೀಕ್ಷೆ ಮಾಡುವವರು ಮೊಣಕಾಲೂರಿ ಕುಳಿತು, ಅರ್ಧ ಮೀಟರ್ ಉದ್ದದ ದಾರವನ್ನು ಪೈಪಿನ ತುದಿಯಿಂದ ಮೀಟರಿನವರೆಗೆ ಎಳೆದು ನೋಡಿ, ಸ್ಪಂಜಿನ ಟೊಪ್ಪಿಗೆ ಹಾಕಿದ ಮೈಕನ್ನು ಅಲುಗದಂತೆ ಹಿಡಿದಿದ್ದನ್ನು ಕಂಡು ನನಗೆ ಗೌರವ ಮೂಡಿತು. ದಾರ ಐದು ಸೆಂಟಿಮೀಟರ್ ಗಿಡ್ಡವಾದರೂ ಸಂಖ್ಯೆ ಹೆಚ್ಚುಕಡಿಮೆ 1 ಡೆಸಿಬೆಲ್ ಏರಿಬಿಡುತ್ತದೆ. ಮನೆಯಲ್ಲಿ ಫೋನಿನ ಆ್ಯಪ್ ನೋಡಿ ಧೈರ್ಯ ಮಾಡಿಕೊಂಡು ಹೊರಡುವವರು ಇದನ್ನು ನೆನಪಿಡಬೇಕು.

ಆದರೆ ಓಡುವ ಕಾರಿನ ಅಳತೆಯಲ್ಲಿ ಕಥೆ ಬೇರೆ. ಸೈಲೆನ್ಸರ್ ಕೊಳ್ಳುವುದಕ್ಕೆ ಮುಂಚೆ ಬೆಡ್‌ಫರ್ಡ್‌ನಲ್ಲಿ ನನ್ನ ಸಂಖ್ಯೆ 88.9 ಇತ್ತು. ಕೊಂಡ ಮೇಲೆ ಮೊದಲ ಸಲ ಹೋದಾಗ ಅದು 87.9ಕ್ಕೆ ಇಳಿಯಿತು, ಅಷ್ಟೇ. ಎರಡನೆಯ ಸುತ್ತಿನಲ್ಲೇ ಕಪ್ಪು ಬಾವುಟ ಬಂತು. ನಿಂತಲ್ಲಿ ಆರು ಇಳಿಸಿದ ಸಾಮಾನು ಓಟದಲ್ಲಿ ಒಂದನ್ನು ಮಾತ್ರ ಇಳಿಸಿದ್ದು ಏಕೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಪಿಟ್‌ನಲ್ಲಿದ್ದ ಒಬ್ಬ ಹಿರಿಯರು ನನ್ನ ಕಾರಿನ ಬಾನೆಟ್ ಎತ್ತಿಸಿ ನೋಡಿ, ತೆರೆದ ಏರ್ ಫಿಲ್ಟರಿನ ಮೇಲೆ ಬೆರಳಿಟ್ಟು ತೋರಿಸಿದರು. ನಿಂತ ಪರೀಕ್ಷೆಯ ಮೀಟರ್ ಕೇಳುವುದು ಬಹುಮಟ್ಟಿಗೆ ಎಕ್ಸಾಸ್ಟ್ ಒಂದನ್ನೇ. ಟ್ರ್ಯಾಕ್ ಪಕ್ಕದ ಮೈಕು ಇಡೀ ಕಾರನ್ನು ಕೇಳುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಗಾಳಿಯನ್ನು ಒಳಗೆಳೆದುಕೊಳ್ಳುವ ಸದ್ದು, ಟೈರುಗಳ ಸದ್ದು, ಎಲ್ಲವೂ ಅದಕ್ಕೆ ಸೇರುತ್ತವೆ. ಮುಂದಿನ ಸಲ ಫಿಲ್ಟರನ್ನು ಒಳಗಿಟ್ಟು ಮುಚ್ಚುವ ಕಂಪನಿಯ ಮೂಲ ಡಬ್ಬವಾದ ಏರ್ ಬಾಕ್ಸನ್ನೇ ಮರಳಿ ಹಾಕಿಕೊಂಡು ಹೋದೆ, ಸಂಖ್ಯೆ 86.6 ಆಯಿತು, ದಿನಪೂರ್ತಿ ನೆಮ್ಮದಿಯಾಗಿ ಓಡಿಸಿದೆ. ಆ ಏರ್ ಬಾಕ್ಸ್ ನನ್ನ ಗ್ಯಾರೇಜಿನ ಮೂಲೆಯಲ್ಲೇ ಧೂಳು ತಿನ್ನುತ್ತಾ ಬಿದ್ದಿತ್ತು, ಒಂದು ಪೈಸೆ ಖರ್ಚಿಲ್ಲ. ಇದನ್ನು ಕೊಳ್ಳುವ ಮೊದಲೇ ಮಾರುವವರು ಹೇಳಿದ್ದರೆ ಚೆನ್ನಾಗಿತ್ತು. ಅವರ ಜಾಹೀರಾತಿನಲ್ಲಿ ನಿಂತ ಪರೀಕ್ಷೆಯ ಸಂಖ್ಯೆ ದೊಡ್ಡ ಅಕ್ಷರದಲ್ಲಿತ್ತು, ಓಟದ ಅಳತೆಯ ಮಾತೇ ಇರಲಿಲ್ಲ.

ಓಡಿಸುವ ರೀತಿಯಿಂದಲೂ ಸದ್ದು ಇಳಿಯುತ್ತದೆ. ಮೈಕು ಇರುವ ಜಾಗಕ್ಕೆ ಬರುವ ಮೊದಲೇ ಮೂರರ ಬದಲು ನಾಲ್ಕನೇ ಗೇರಿಗೆ ಹಾಕಿ, ಕಾಲನ್ನು ಸ್ವಲ್ಪ ಸಡಿಲಿಸಿದರೆ ಸುತ್ತಿನ ಸಮಯದಲ್ಲಿ ಹೆಚ್ಚೇನೂ ನಷ್ಟವಾಗುವುದಿಲ್ಲ. ಆದರೆ ದಿನವಿಡೀ ಅದನ್ನೇ ನಂಬಿಕೊಂಡು ಓಡಿಸುವುದು ನನಗೆ ಸರಿಕಾಣದು. ಗಮನ ತಿರುವಿನ ಮೇಲೆ ಇರಬೇಕೇ ಹೊರತು ಮೈಕಿನ ಮೇಲಲ್ಲ. ಗಾಳಿ ಮೈಕಿನ ಕಡೆಗೆ ಬೀಸುವ ದಿನ ಅದೇ ಕಾರು, ಅದೇ ಗೇರು ಹೆಚ್ಚಿನ ಸಂಖ್ಯೆ ತೋರಿಸುವುದರಿಂದ ಒಂದೆರಡು ಡೆಸಿಬೆಲ್ ಕೈಯಲ್ಲಿ ಇಟ್ಟುಕೊಂಡೇ ಹೋಗಬೇಕು.

ಇನ್ನು ಸಾಮಾನಿನ ಕುಂದುಗಳು. ಇದು ಒಂದು ಮೊಳಕ್ಕಿಂತ ಗಿಡ್ಡನೆಯ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿ. ಒಳಗೆ ತೂತುಗಳಿರುವ ಕೊಳವೆ, ಅದರ ಸುತ್ತ ಗಾಜಿನ ನಾರು ತುಂಬಿರುತ್ತದೆ. ಸದ್ದನ್ನು ಹೀರುವುದು ಆ ನಾರು, ಬಿಸಿಗೆ ಸುಟ್ಟು ಚೂರುಚೂರಾಗಿ ಹೊರಗೆ ಹಾರಿಹೋಗುವುದೂ ಅದೇ. ಐದನೆಯ ಟ್ರ್ಯಾಕ್ ಡೇ ಹೊತ್ತಿಗೆ ನನ್ನ ನಿಂತ ಪರೀಕ್ಷೆಯ ಸಂಖ್ಯೆ 93ರಿಂದ 96ಕ್ಕೆ ಏರಿತ್ತು. ಬಂಪರಿನ ಕೆಳಭಾಗದಲ್ಲಿ ಬಿಳಿಯ ನಾರಿನ ಎಳೆಗಳು ಅಂಟಿಕೊಂಡಿದ್ದನ್ನು ಒರೆಸಲು ಹೋದಾಗ ಬೆರಳಿಗೆ ಚುಚ್ಚಿದವು, ಆಗ ವಿಷಯ ಗೊತ್ತಾಯಿತು. ನಾರು ಸವೆಯುವುದು ಸಹಜ, ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಡಬ್ಬಿಯ ಮುಚ್ಚಳವನ್ನು ರಿವೆಟ್ ಹಾಕಿ ಕೂರಿಸದೆ ಪೂರ್ತಿ ವೆಲ್ಡ್ ಮಾಡಿದ್ದರಿಂದ ಹೊಸ ನಾರು ತುಂಬಲು ದಾರಿಯೇ ಇರಲಿಲ್ಲ. ವರ್ಕ್‌ಶಾಪ್‌ಗೆ ಬರೆದೆ, ಎರಡು ಸಲ ಫೋನ್ ಮಾಡಿದೆ. ಕೊನೆಗೆ ಆರು ವಾರಗಳ ನಂತರ ಬಿಚ್ಚಬಹುದಾದ ಮುಚ್ಚಳದ ಇನ್ನೊಂದು ಡಬ್ಬಿಯನ್ನು ಹಣ ಕೇಳದೆ ಕಳಿಸಿದರು. ಕಳಿಸಿದ್ದು ಸರಿ, ಆದರೆ ಆ ಆರು ವಾರಗಳಲ್ಲಿ ಕಾಯ್ದಿರಿಸಿದ್ದ ಒಂದು ದಿನವನ್ನು ನಾನು ಬಿಟ್ಟುಕೊಡಬೇಕಾಯಿತು.

ಡಬ್ಬಿಯನ್ನು ಪೈಪಿಗೆ ಬಿಗಿಯುವ ಕ್ಲಾಂಪ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದೇ ಬೋಲ್ಟಿನ ಕ್ಲಾಂಪ್ ಕೊಟ್ಟಿದ್ದರು, ಬಿಸಿಯಾಗಿ ತಣ್ಣಗಾದಂತೆಲ್ಲ ಅದು ಸಡಿಲವಾಗುತ್ತಿತ್ತು. ಕಾದ ಸ್ಟೀಲ್ ಡಬ್ಬಿ ಹಿಂದೆ ಬರುವ ಕಾರಿನ ಮುಂದೆ ಕಳಚಿ ಬಿದ್ದರೆ ಏನಾದೀತೆಂದು ಯೋಚಿಸಿ ನಾನು ಎರಡು ಬೋಲ್ಟಿನ ಕ್ಲಾಂಪ್ ಹಾಕಿ, ಜೊತೆಗೆ ಸ್ಟೀಲ್ ತಂತಿಯಿಂದ ಕಾರಿನ ಎಳೆಯುವ ಕೊಂಡಿಗೆ ಬಿಗಿದಿದ್ದೇನೆ. ಪ್ರತಿ ಸುತ್ತಾಟದ ನಂತರ ಪಿಟ್‌ನಲ್ಲಿ ಸ್ಪ್ಯಾನರ್ ಹಾಕಿ ನೋಡುತ್ತೇನೆ. ಎಂಜಿನ್ ಶಕ್ತಿ ಕುಗ್ಗಿತೇ ಎಂದು ಹಲವರು ಕೇಳಿದ್ದಾರೆ. ಓಡಿಸುವಾಗ ನನಗೆ ಗೊತ್ತಾಗುವಷ್ಟು ಕುಗ್ಗಿಲ್ಲ.

ಮಿತಿಗಳೇ ಅತಿಯಾದವು ಎಂದು ಗೊಣಗುವ ಗೆಳೆಯರಿಗೆ ನಾನು ಕ್ರಾಫ್ಟ್ ಟ್ರ್ಯಾಕ್‌ನ ಪ್ರಕರಣವನ್ನು ನೆನಪಿಸುತ್ತೇನೆ. ನಾರ್ತ್ ಯಾರ್ಕ್‌ಶೈರಿನ ಆ ಟ್ರ್ಯಾಕ್‌ನ ನೆರೆಯವರು ಸದ್ದು ತಾಳಲಾರದೆ ಕೋರ್ಟಿಗೆ ಹೋದರು. ಅವರಿಗೆ ಸುಮಾರು 1.5 ಲಕ್ಷ ಪೌಂಡ್ ಪರಿಹಾರ ಸಿಕ್ಕಿತು, 2009ರಲ್ಲಿ ಮೇಲ್ಮನವಿ ನ್ಯಾಯಾಲಯವು ಹೆಚ್ಚು ಸದ್ದಿನ ದಿನಗಳನ್ನು ವರ್ಷಕ್ಕೆ 40ಕ್ಕೆ ಇಳಿಸಿತು. ಬೆಡ್‌ಫರ್ಡ್ ಹಿಂದೆ ವಿಮಾನ ನಿಲ್ದಾಣವಾಗಿದ್ದ ವಿಶಾಲ ಬಯಲು, ಆದರೂ ಪಕ್ಕದಲ್ಲಿ ಹಳ್ಳಿಗಳಿವೆ, ಅಲ್ಲಿ ಮನೆಯ ಹಿತ್ತಲಲ್ಲಿ ಕುಳಿತು ಮಧ್ಯಾಹ್ನ ಕಳೆಯಬಯಸುವ ಜನರಿದ್ದಾರೆ. ನಾನೂ ಹಾಗೇ ಬಯಸುವವನು.

ನಿಂತ ಪರೀಕ್ಷೆಯ ಮಿತಿ ಒಂದರಲ್ಲೇ ಸೋಲುತ್ತಿರುವವರು ಈ ಬಗೆಯ ಸೈಲೆನ್ಸರನ್ನು ಧಾರಾಳವಾಗಿ ಕೊಳ್ಳಬಹುದು, ಮುಚ್ಚಳ ಬಿಚ್ಚಲು ಬರುತ್ತದೆಯೇ ಎಂದು ಮಾತ್ರ ಮೊದಲೇ ಕೇಳಬೇಕು. ಓಟದ ಅಳತೆಯಲ್ಲಿ ಸೋಲುತ್ತಿರುವವರು ಮೊದಲು ಮೂಲ ಏರ್ ಬಾಕ್ಸ್ ಹಾಕಿ ಒಂದು ದಿನ ನೋಡಲಿ. ಅಲ್ಲಿಗೂ ಸಂಖ್ಯೆ ಇಳಿಯದಿದ್ದರೆ 145 ಪೌಂಡ್ ಖರ್ಚು ಮಾಡಲಿ.