ಆಗುಂಬೆ ಘಾಟಿಗೆ ಮೆಕ್ಲಿಜಿನ್: ಹಲವು ವರ್ಷ ಬಳಸಿದ ಮೇಲೆ

ಘಾಟಿ ಇಳಿಯುವಾಗ ಹೊಟ್ಟೆ ತೊಳಸಿ, ಸೋಮೇಶ್ವರ ತಲುಪುವಷ್ಟರಲ್ಲಿ ಮೈಯೆಲ್ಲ ತಣ್ಣಗೆ ಬೆವರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಾಗಲೆಲ್ಲ ನಾನು ನುಂಗುವುದು ಮೆಕ್ಲಿಜಿನ್ 25 ಮಿಲಿಗ್ರಾಂ, ವೈದ್ಯರು ಬರೆದುಕೊಟ್ಟದ್ದು. ಆಗುಂಬೆಯ 14 ತಿರುವುಗಳನ್ನು ಈಗ ಕಿಟಕಿಯಾಚೆ ಕಾಡು ನೋಡುತ್ತಲೇ ಇಳಿಯುತ್ತೇನೆ. ಬಸ್ ಹತ್ತುವುದಕ್ಕೆ ಒಂದು ಗಂಟೆ ಮೊದಲೇ ನುಂಗಿರಬೇಕು. ತೊಳಸಲು ಶುರುವಾದ ಮೇಲೆ ನುಂಗಿದರೆ ಅಷ್ಟು ಫಲವಿಲ್ಲ.

ಇದು ಅಲರ್ಜಿ ಮಾತ್ರೆಗಳ ಬಳಗದ್ದೇ, ಹಳೆಯ ಕಾಲದ ಆ್ಯಂಟಿಹಿಸ್ಟಮಿನ್. ಬಸ್ ತಿರುಗುವಾಗ ಒಳಕಿವಿ ಒಂದು ಹೇಳುತ್ತದೆ, ಎದುರು ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ಇನ್ನೊಂದು ಹೇಳುತ್ತದೆ. ಈ ತಕರಾರನ್ನು ಮಿದುಳಿನ ವಾಂತಿಯ ಕೇಂದ್ರಕ್ಕೆ ಮುಟ್ಟಿಸುವಲ್ಲಿ ನರಗಳ ಸಂದೇಶ ಒಯ್ಯುವ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ಎರಡು ರಾಸಾಯನಿಕಗಳಿಗೂ ಪಾತ್ರವಿದೆ. ಮೆಕ್ಲಿಜಿನ್ ಎರಡಕ್ಕೂ ಅಡ್ಡ ನಿಲ್ಲುತ್ತದೆ. ಹಾಗೆ ನಿಲ್ಲಬೇಕಾದರೆ ಅದು ಮಿದುಳಿನೊಳಗೆ ಹೋಗಲೇಬೇಕು, ಮಂಪರು ಬರುವುದೂ ಅದರಿಂದಲೇ. ನೆಗಡಿಗೆಂದು ಮನೆಯಲ್ಲಿಟ್ಟ, ಇದೇ ಬಳಗದ ಹೊಸ ಮಾತ್ರೆ ಫೆಕ್ಸೊಫೆನಡಿನ್ ಅಲ್ಲಿಗೆ ಹೋಗುವುದು ತೀರಾ ಕಡಿಮೆ. ಅದನ್ನು ನುಂಗಿ ಘಾಟಿ ಇಳಿದು ಪ್ರಯೋಜನವಿಲ್ಲ.

ನನಗೆ ಮಂಪರಿಗಿಂತ ಬಾಯಿ ಒಣಗುವುದೇ ಕಿರಿಕಿರಿ. ಹೆಬ್ರಿ ದಾಟುವಾಗ ನಾಲಗೆ ಅಂಗುಳಿಗೆ ಅಂಟುತ್ತದೆ. ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿಯ ಚೂರೊಂದನ್ನು ದವಡೆಯಲ್ಲಿಟ್ಟುಕೊಂಡರೆ ಉಡುಪಿಯವರೆಗೆ ಸಾಗುತ್ತದೆ. ಮಾತ್ರೆ ನುಂಗಿದ ದಿನ ಸ್ಕೂಟರ್ ಮುಟ್ಟುವುದಿಲ್ಲ.

ಈ ಮಾತ್ರೆಯಿಂದ ಆಯಸ್ಸು ಹೆಚ್ಚುತ್ತದಂತೆ, ದಿನವೂ ನುಂಗಲೇ ಎಂದು ಈಚೆಗೆ ದೊಡ್ಡಪ್ಪ ಕೇಳಿದರು. ಸುದ್ದಿಗೆ ಬುಡವಿದೆ. ಅಮೆರಿಕದ ಮೂರು ಪ್ರಯೋಗಾಲಯಗಳು ಒಟ್ಟಾಗಿ ನಡೆಸುವ ಪರೀಕ್ಷೆಯಲ್ಲಿ ಮೆಕ್ಲಿಜಿನ್ ತಿಂದ ಗಂಡು ಇಲಿಗಳ ಆಯಸ್ಸು ಶೇಕಡ 8ರಷ್ಟು ಹೆಚ್ಚಿತು. ಹೆಣ್ಣು ಇಲಿಗಳಿಗೆ ಲಾಭವಾಗಲಿಲ್ಲ. ಜೀವಕೋಶದ ಬೆಳವಣಿಗೆಗೆ ಚಾಲನೆ ಕೊಡುವ ಎಂಟಾರ್ ಎಂಬ ವ್ಯವಸ್ಥೆಯನ್ನು ಇದು ತಗ್ಗಿಸುತ್ತದೆ ಎಂಬುದು ಅಲ್ಲಿನ ವಿವರಣೆ. ಆದರೆ ಇಲಿಗಳಿಗೆ ಆಹಾರದಲ್ಲೇ ಬೆರೆಸಿ ಕೊಟ್ಟ ಪ್ರಮಾಣ, ಮೈತೂಕಕ್ಕೆ ಹೋಲಿಸಿದರೆ, ನಮ್ಮ ಒಂದು ಮಾತ್ರೆಗಿಂತ ಎಷ್ಟೋ ಪಟ್ಟು ಹೆಚ್ಚು. ಮನುಷ್ಯರ ಕಡೆಯಿಂದ ಬಂದ ಸುದ್ದಿಯೂ ಧೈರ್ಯ ಕೊಡುವಂಥದ್ದಲ್ಲ. ಸಿಯಾಟಲ್‌ನಲ್ಲಿ 65 ದಾಟಿದ 3,400ಕ್ಕೂ ಹೆಚ್ಚು ಜನರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಸಿಟೈಲ್‌ಕೋಲಿನ್ ತಡೆಯುವ ಪ್ರಬಲ ಔಷಧಗಳನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಮರೆಗುಳಿ ಕಾಯಿಲೆ ಹೆಚ್ಚು ಕಂಡಿತು. ಔಷಧವೇ ಕಾರಣವೆಂದು ಅದರಿಂದ ಸಾಬೀತಾಗುವುದಿಲ್ಲ, ನಿಜ. ಆದರೂ ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ, ಪ್ರಾಸ್ಟೇಟ್ ದೊಡ್ಡದಾಗಿದೆ, ಈ ಮಾತ್ರೆಯಿಂದ ಮೂತ್ರ ಕಟ್ಟಿಕೊಳ್ಳಬಹುದು. ಬೇಡವೇ ಬೇಡ ಎಂದು ಹೇಳಿದೆ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರೂ ಘಾಟಿಯ ಒಂದು ದಿನದ ಮಟ್ಟಿಗಾದರೂ ವೈದ್ಯರನ್ನು ಕೇಳಿಯೇ ನುಂಗಿರಿ.